ಅಳ್ಳಾಡಿದ್ದು ಸೋದರಮಾವನ ತೊಡೆಯಲ್ಲ

ಇದನ್ನು ನಾನು ಬಲಗೈಯಿಂದಲೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ. ಪೆನ್ನಿನ ತುದಿಯ ಮೇಲೆ ಕಣ್ಣಿಟ್ಟು ಕೂತರೆ ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತವೆ. ಯಾರೋ ಬಂದರೆಂದು ಬಾಗಿಲ ಕಡೆ ನೋಡಿದೆನೋ, ಪೆನ್ನು ಪುಸ್ತಕ ದಾಟಿ ಕೆಳಗೆ ಹಾಸಿದ ಕೌದಿಯ ಮೇಲೆ ಬರೆಯುತ್ತಿರುತ್ತದೆ. ನನ್ನ ಹೆಂಡತಿ ಗೌರವ್ವ ನಿನ್ನೆ ಕೌದಿ ಒಗೆಯುವ ಮೊದಲು ಅದನ್ನು ಓದಿದಳು. "ಪುಸ್ತಕದಾಗಿನ ಅಕ್ಷರಕ್ಕಿಂತ ಇವ ಛಲೋ ಅದಾವು ನೋಡ್ರಿ" ಅಂದಳು.

ನನ್ನ ಹೆಸರು ನಿಂಗಪ್ಪ. ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದು ಕ್ಷೌರದ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾದ ಮರುವಾರ ಅಪ್ಪ ಕೈಗೆ ಕತ್ತಿ ಕೊಟ್ಟ. ಅಲ್ಲಿಂದ ಐವತ್ತು ವರ್ಷ ನಾನು ಅದನ್ನು ಕೆಳಗಿಡಲಿಲ್ಲ. ಈಗ ಅಂಗಡಿ ಮಗ ಮಂಜುನಾಥನದು. ಸಣ್ಣದಾಗಿ ಲಕ್ವ ಹೊಡೆದು, ಕೈಯ ಶಕ್ತಿ ಹಾಗೇ ಉಳಿದು, ಕೈ ಎಲ್ಲಿದೆ ಎಂಬ ಸುದ್ದಿ ಮಾತ್ರ ಕಳೆದುಕೊಂಡವರು ನನ್ನ ಹಾಗೆ ಇನ್ನೂ ಇರಬಹುದು. ಅವರಿಗೊಂದು ಜೊತೆ ಇರಲಿ ಎಂದು ಬರೆಯುತ್ತೇನೆ. ಅದರ ಜೊತೆಗೆ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ. ರೋಗ ಬಂದದ್ದು ನನ್ನ ಕೈಗೆ. ಅದರ ನೋವನ್ನು ಎರಡು ವರ್ಷ ಉಂಡವನು ಇನ್ನೊಬ್ಬ. ನಾನು ಆಡಿದ ಒಂದೇ ಒಂದು ಸುಳ್ಳಿನಿಂದ.

ಆ ದಿನ ನಮ್ಮ ಓಣಿಯ ಶಾಂತವ್ವನ ಮೊಮ್ಮಗ ಅಭಿಯ ಜಾವಳ. ಮಗುವಿನ ಮೊದಲ ಕೂದಲು ತೆಗೆಯುವಾಗ ಅದನ್ನು ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು, ಆಮೇಲೆ ನಮ್ಮ ಕತ್ತಿ. ಅಭಿಯ ತಾಯಿ, ಶಾಂತವ್ವನ ಸೊಸೆ ರೇಣುಕಾಗೆ ಒಬ್ಬನೇ ಅಣ್ಣ, ಇರಕಲ್ಲಗಡದ ಹನುಮೇಶ. ಗೌಂಡಿ ಕೆಲಸ. ಅವನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡುವುದೇ ಬೇಡ ಎನ್ನುವಷ್ಟು ನೆಟ್ಟನೆಯ ಕೆಲಸಗಾರ.

ಅವತ್ತು ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಲ್ಲಿ ನನ್ನ ಮಗ್ಗುಲಿಗೆ ಯಾರದೋ ಕೈ ಬಿದ್ದಿತ್ತು. ಗೌರವ್ವನದಿರಬೇಕೆಂದು ತಳ್ಳಿದೆ. ಗೌರವ್ವ ಅಡುಗೆಮನೆಯಲ್ಲಿ ಪಾತ್ರೆ ಬಡಿಯುತ್ತಿದ್ದಳು. ನಾನು ತಳ್ಳಿದ್ದು ನನ್ನದೇ ಬಲಗೈ! ಜೋಮು ಹಿಡಿದಿರಬೇಕು, ಮೈಭಾರ ಬಿದ್ದಿರಬೇಕು ಅಂದುಕೊಂಡೆ. ಹಲ್ಲುಜ್ಜುವಾಗ ಬ್ರಷ್ಷು ಗಲ್ಲಕ್ಕೆ ಹೋಯಿತು. ಪೆಟ್ಟಿಗೆ ಜೋಡಿಸುವಾಗ ಕತ್ತಿ ಎರಡು ಸಲ ಕೆಳಗೆ ಬಿತ್ತು. ಎರಡನೆಯ ಸಲ ಬಿದ್ದಾಗ ನನಗೆ ಗೊತ್ತಾಗಿತ್ತು. ಇದನ್ನು ಗಟ್ಟಿಯಾಗಿ ಬರೆಯಬೇಕು: ನನಗೆ ಗೊತ್ತಾಗಿತ್ತು. ಮಂಜನನ್ನು ಕಳಿಸಬಹುದಿತ್ತು. ಆದರೆ ಶಾಂತವ್ವನ ಮೂವರು ಗಂಡುಮಕ್ಕಳ ಜಾವಳ ಮಾಡಿದ್ದು ಇದೇ ಕೈ. "ನನ್ನ ಕತ್ತಿ ಜಾವಳದಾಗ ಒಂದು ಹನಿ ರಕ್ತ ಕಂಡಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಸೊಕ್ಕು ಮಗನನ್ನು ಕರೆಯಲು ಬಿಡಲಿಲ್ಲ.

ಹನುಮೇಶ ಹೊಸ ಧೋತರ ಉಟ್ಟು ಮಣೆಯ ಮೇಲೆ ಕೂತಿದ್ದ. ಕೂಸು ಅವನ ತೊಡೆಯ ಮೇಲೆ. ಅವನು ಕುಂಬಿಯ ಮೇಲಿಟ್ಟ ಇಟ್ಟಿಗೆಯಂತೆ ಕದಲದೆ ಕೂತಿದ್ದ. ಕಣ್ಣ ಮುಂದೆ ಇರುವವರೆಗೆ ನನ್ನ ಕೈ ಹೇಳಿದಂತೆ ಕೇಳಿತು. ಕೂಸಿನ ಕಿವಿಯ ಹಿಂದೆ ಹೋದಾಗ ನನ್ನದೇ ಎಡಗೈ ಅಡ್ಡ ಬಂತು. ಕತ್ತಿ ಕಾಣಲಿಲ್ಲ. ಕಾಣದಿದ್ದರೇನು, ಐವತ್ತು ವರ್ಷ ಕಿವಿಯ ಹಿಂದೆ ನಾನು ಕಣ್ಣಿನಿಂದ ಬೋಳಿಸಿದ್ದೇನೆಯೇ? ಆದರೆ ಅವತ್ತು ಕತ್ತಿ ಎಷ್ಟು ಒತ್ತಿದೆ, ಎಲ್ಲಿ ತಿರುಗಿದೆ ಎಂದು ಕೈ ಹೇಳಲೇ ಇಲ್ಲ. ಕೂಸು ಕಿರುಚಿತು. ಬಿಳಿ ನೊರೆಯ ಮೇಲೆ ಕೆಂಪು ಇಳಿಯಿತು.

ಗಾಯ ಜೋಳದ ಕಾಳಿನಷ್ಟು. ಅರಿಶಿನ ಒತ್ತಿದರೆ ನಿಂತಿತು. ಆದರೆ ಜಾವಳದಲ್ಲಿ ರಕ್ತ ಬಂದರೆ ಕೂಸಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. "ಜಾವಳದಾಗ ರಕ್ತ ಬಂತಲ್ಲೋ ನಿಂಗಪ್ಪ" ಅಂದಳು ಶಾಂತವ್ವ. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

"ಮಾವನ ತೊಡಿ ಅಳ್ಳಾಡಿತವ್ವಾ" ಅಂದೆ ನಾನು. "ನಾ ಏನ್ ಮಾಡ್ಲಿ?"

ಎಲ್ಲರ ಕಣ್ಣು ನನ್ನ ಕೈ ಬಿಟ್ಟು ಹನುಮೇಶನ ತೊಡೆಗೆ ಹೋಯಿತು. ಅವನು ಜಗಳ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. ತಲೆ ಬಗ್ಗಿಸಿ ತಾನೂ ತನ್ನ ತೊಡೆಯನ್ನೇ ನೋಡಿದ. "ಅಳ್ಳಾಡಿತೇನೋ… ನನಗ ಗೊತ್ತಾಗಲಿಲ್ಲ" ಅಂದ. ಹದಿನೈದು ದಿನದಲ್ಲಿ ಓಣಿಯಲ್ಲಿ ಅವನಿಗೆ ಹೆಸರು ಬಿತ್ತು: ಅಳ್ಳಾಡೋ ಮಾವ.

ಮುಂದಿನ ಎಂಟು ದಿನ ನಾನು ಕೈ ಮುಚ್ಚಿಟ್ಟುಕೊಂಡು ಬದುಕಿದೆ. ಅಂಗಡಿಯಲ್ಲಿ "ಕಣ್ಣು ಮಂಜ ಆಗ್ಯಾವು, ನೀನ ಮಾಡು" ಎಂದು ಗಿರಾಕಿಗಳನ್ನು ಮಗನ ಕಡೆ ದೂಡಿದೆ. ಗುಟ್ಟು ರಟ್ಟಾದದ್ದು ಊಟದ ಹೊತ್ತಿಗೆ. ಮೂವರೂ ಅನ್ನ ಸಾರು ಉಣ್ಣುತ್ತಿದ್ದೆವು, ಕರೆಂಟು ಹೋಯಿತು. ಕತ್ತಲಾದರೇನು, ಬಾಯಿ ಎಲ್ಲಿದೆ ಎಂದು ಕೈಗೆ ದಾರಿ ತೋರಿಸಬೇಕೇ? ತೋರಿಸಬೇಕಾಗಿತ್ತು. ಮಂಜ ಮೊಬೈಲಿನ ಬೆಳಕು ಹಿಡಿದಾಗ ನಾನು ಖಾಲಿ ಬಾಯಿ ಅಗಿಯುತ್ತಿದ್ದೆ, ತುತ್ತು ಕಿವಿಯಲ್ಲಿತ್ತು.

"ಯಪ್ಪಾ, ಕಿವಿಗೆ ಯಾಕ ಉಣಸಾಕ ಹತ್ತೀದಿ?" ಎಂದು ಮಗ ನಕ್ಕ. ಗೌರವ್ವ ನಗಲಿಲ್ಲ. ನನ್ನ ಬಲಗೈ ಹಿಡಿದು ಬೆರಳು ಒಂದೊಂದಾಗಿ ಒತ್ತಿದಳು. "ಇದು ಗೊತ್ತಾಗತೈತೇನ್ರಿ? ಇದು?" ಎಂದಳು. ನಾನು ಕತ್ತಲೆಯ ಕಡೆ ಮುಖ ತಿರುಗಿಸಿದೆ.

ಮರುದಿನ ಮೊದಲ ಬಸ್ಸಿಗೆ ಕೊಪ್ಪಳದ ಆಸ್ಪತ್ರೆಗೆ. ಡಾಕ್ಟರು ನಮ್ಮ ಮಂಜನ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿಸಿ ನನ್ನ ಹೆಬ್ಬೆರಳು ಹಿಡಿದು, "ಅಜ್ಜಾರ, ಈಗ ಬೆರಳು ಮ್ಯಾಲ ಐತೋ ಕೆಳಗ ಐತೋ?" ಎಂದು ಕೇಳಿದರು. ಶಾಲೆಯಲ್ಲಿ ಉತ್ತರ ಬಾರದಿದ್ದಾಗ ಮಾಡಿದ್ದನ್ನೇ ಮಾಡಿದೆ. "ಮ್ಯಾಲ" ಅಂದೆ. "ಈಗ?" "ಕೆಳಗ." "ಈಗ?" "ಮ್ಯಾಲರಿ ಮೇಡಂ, ಭಾಳ ಮ್ಯಾಲ."

"ಅಜ್ಜಾರ, ನಾ ಬೆರಳು ಬಿಟ್ಟು ಭಾಳ ಹೊತ್ತಾತು" ಅಂದರು ಡಾಕ್ಟರು.

ಸ್ಕ್ಯಾನಿಂಗ್ ಆಯಿತು. ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಬಿಪಿ ಬಹಳ ಏರಿದೆ ಎಂದರು. "ಯಾವತ್ತಿನಿಂದ ಹಿಂಗ ಆಗೈತಿ?" ಎಂದು ಕೇಳಿದರು. ಮಗ ಪಕ್ಕದಲ್ಲಿ ನಿಂತಿದ್ದ. ಜಾವಳದ ದಿನದಿಂದ ಅಂದರೆ ಎಲ್ಲ ಹೊರಬೀಳುತ್ತದೆ. "ಮೊನ್ನಿಯಿಂದರಿ" ಅಂದೆ. ಡಾಕ್ಟರಿಗೂ ಸುಳ್ಳು! "ಆದ ದಿನವ ಓಡಿ ಬರಬೇಕ್ರಿ ಅಜ್ಜಾರ, ಇಂಥಾದ್ದಕ್ಕ ಒಂದು ತಾಸು ಸೈತ ಕಾಯಬಾರದು" ಎಂದು ಅವರು ಬೈದರು. ಮೊನ್ನೆ ಅಂದಿದ್ದಕ್ಕೇ ಅಷ್ಟು ಬೈಗುಳ. ನಿಜ ಹೇಳಿದ್ದರೆ ಎಷ್ಟಿತ್ತೋ. ಓದುತ್ತಿರುವವರು ಇದೊಂದನ್ನು ನನ್ನಿಂದ ಕಲಿಯಬಾರದು.

ಆರು ದಿನ ವಾರ್ಡಿನಲ್ಲಿದ್ದೆ. ಆಮೇಲೆ ವಾರಕ್ಕೆರಡು ಸಲ ವ್ಯಾಯಾಮಕ್ಕೆ ಬಾ ಅಂದರು. ಆ ವ್ಯಾಯಾಮದ ಕೋಣೆಯ ಹೊರಗಿನ ಬೆಂಚಿನ ಮೇಲೆ ನನಗೊಬ್ಬ ಗೆಳೆಯ ಸಿಕ್ಕ. ಗಂಗಾವತಿ ಹತ್ತಿರದ ಮರಳಿಯ ರೈತ, ಭತ್ತ ಬೆಳೆಯುವವನು, ಲಕ್ವ ಹೊಡೆದು ಕಾಲಿಗೆ ಬಲ ಕಡಿಮೆ. ನನ್ನ ರೋಗ ಏನೆಂದು ಕೇಳಿದ. ಹೇಳಲು ಬಾರದೆ ಒದ್ದಾಡಿದೆ. ಕೈಗೆ ಶಕ್ತಿ ಇದೆ, ಎತ್ತುತ್ತದೆ, ಹಿಡಿಯುತ್ತದೆ, ಆದರೆ ನೋಡದಿದ್ದರೆ ಏನು ಮಾಡುತ್ತಿದೆ ಎಂದು ಗೊತ್ತಾಗುವುದಿಲ್ಲ ಅಂದೆ.

ಅವನು ತೊಡೆ ತಟ್ಟಿ ನಕ್ಕ. "ಇದು ನಮ್ಮ ಕಾಲುವಿ ರೋಗ ಐತಲ್ಲೋ ಮಾರಾಯ! ಮ್ಯಾಲ ಗೇಟಿನವ ನೀರು ಬಿಡತಾನ. ಕೆಳಗ ಕಡೀ ಹೊಲಕ್ಕ ಮುಟ್ಟೇತೋ, ನಡುವ ಒಡ್ಡು ಒಡದೈತೋ, ಯಾರೂ ಫೋನ್ ಮಾಡಿ ಹೇಳಂಗಿಲ್ಲ. ಅವ ಬಿಡಕೋತ ಇರತಾನ, ಒಂದು ಹೊಲ ಮುಳಗತೈತಿ, ಇನ್ನೊಂದು ಒಣಗತೈತಿ."

ಡಾಕ್ಟರು ಮಿದುಳಿನ ಗೊಂಬೆ ತೋರಿಸಿ ಹೇಳಿದ್ದಕ್ಕಿಂತ ಅದು ನನಗೆ ಚೆನ್ನಾಗಿ ತಿಳಿಯಿತು. ಕೈ ಹುಕುಂ ಪಾಲಿಸುವುದಷ್ಟೇ ಅಲ್ಲ, ಕ್ಷಣಕ್ಷಣಕ್ಕೂ ತಿರುಗಿ ಸುದ್ದಿ ಕಳಿಸುತ್ತಿರುತ್ತದೆ: ಇಷ್ಟು ಹೋದೆ, ಇಲ್ಲಿ ಮೆತ್ತಗಿದೆ, ಇಲ್ಲಿ ಎಲುಬಿದೆ, ಸಾಕು. ಆ ಸುದ್ದಿ ಕೇಳಿಯೇ ಮೇಲಿನವನು ಹುಕುಂ ತಿದ್ದುತ್ತಾನೆ. ಐವತ್ತು ವರ್ಷ ಆ ಸುದ್ದಿ ಬರುತ್ತಿತ್ತು, ನಾನು ಒಂದು ದಿನವೂ ಅದಕ್ಕೆ ಶರಣು ಅನ್ನಲಿಲ್ಲ. ನನ್ನ ಜಾಣತನ ಅಂದುಕೊಂಡಿದ್ದೆ.

ವ್ಯಾಯಾಮ ಮಾಡಿಸುವವರು ನಸ್ರೀನ್ ಮೇಡಂ. ಜೋಳ ತುಂಬಿದ ಡಬ್ಬಿಯೊಳಗೆ ಕೀಲಿ, ಹುಣಸೆ ಬೀಜ, ಬಾಚಣಿಕೆ ಹುದುಗಿಸಿಟ್ಟು, ನೋಡದೆ ಹುಡುಕಿ ಹೇಳು ಎನ್ನುತ್ತಿದ್ದರು. ಮೊದಲ ತಿಂಗಳು ನನಗೆ ಎಲ್ಲವೂ ಜೋಳವೇ. "ಅಜ್ಜಾ, ಸುದ್ದಿ ಬರೂ ಹಾದಿ ಕಟ್ಟೇತಿ. ಕಣ್ಣಿನ ಹಾದೀಲೆ ತರಸ್ಕೋರಿ. ಹಳೇ ಹಾದಿ ಅಷ್ಟಷ್ಟ ತೆರಕೊಂಡ್ರ ತೆರಕೋತೈತಿ" ಅಂದರು. ಯಾವ ಕೆಲಸ ಮಾಡಲು ಬಹಳ ಆಸೆ ಎಂದು ಕೇಳಿದರು. ದಾಡಿ ಮಾಡುವುದು ಅಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, "ಹಂಗಾರ ಪುಗ್ಗಾ ತಗೊಂಡು ಬರ್ರಿ" ಅಂದರು.

ನಮ್ಮ ಕಸುಬಿನಲ್ಲಿ ಹೊಸಬರು ಗಾಳಿ ತುಂಬಿದ ಪುಗ್ಗಾಕ್ಕೆ, ಅಂದರೆ ಬಲೂನಿಗೆ, ಸಾಬೂನು ಹಚ್ಚಿ ಕತ್ತಿ ಆಡಿಸಿ ಕಲಿಯುತ್ತಾರೆ. ಒಡೆಯದಿದ್ದರೆ ಪಾಸು. ಹದಿನಾರರಲ್ಲಿ ಮಾಡಿದ್ದನ್ನು ಅರವತ್ತೇಳರಲ್ಲಿ ಮತ್ತೆ ಶುರುಮಾಡಿದೆ. ಕಟ್ಟೆಯ ಮೇಲೆ ಕೂತು ದಿನಾ ಬೆಳಿಗ್ಗೆ ಢಬ್, ಢಬ್. ಓಣಿಯವರಿಗೆ ಗಡಿಯಾರ ಬೇಡವಾಯಿತು. ಗೌರವ್ವ ಊದಿ ಊದಿ ಕೊಡುತ್ತ, "ನನ್ನ ಉಸುರು ಅಷ್ಟೂ ನೀವ ಒಡದ್ರಿ" ಎನ್ನುವಳು. ಒಡೆಯದೆ ಉಳಿದವು ಅಭಿಯ ಪಾಲು. ಅವನು ಆಗಲೇ ಓಡಾಡುತ್ತಿದ್ದ, ನನಗೆ "ಪುಗ್ಗಾ ಅಜ್ಜ" ಎಂದು ಹೆಸರಿಟ್ಟಿದ್ದ. ಅವನ ಕಿವಿಯ ಹಿಂದಿನ ಜೋಳದಷ್ಟು ಕಲೆ ನಾನು ಕೂತಲ್ಲಿಂದ ಕಾಣುತ್ತಿತ್ತು.

ಒಂದು ದಿನ ಗೌರವ್ವ ರೊಟ್ಟಿ ಬಡಿಯುವುದನ್ನು ನೋಡುತ್ತ ಕೂತಿದ್ದೆ. ಅವಳು ನನ್ನ ಕಡೆ ನೋಡಿ ಮಾತಾಡುತ್ತಿದ್ದಾಳೆ, ಕೈಗಳು ತಾವೇ ರೊಟ್ಟಿ ತಿರುಗಿಸುತ್ತಿವೆ. "ನೋಡದ ಹೆಂಗ ಬಡೀತೀಯೇ?" ಎಂದೆ. "ನೋಡಿದ್ರ ಹರೀತೈತ್ರಿ" ಅಂದಳು. ನನಗೆ ಹೊಟ್ಟೆಕಿಚ್ಚಾಯಿತು. ನಲವತ್ತು ವರ್ಷ ಅವಳ ರೊಟ್ಟಿ ತಿಂದು, ಅವಳ ಕೈಯನ್ನು ಅವತ್ತು ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಹನುಮೇಶ ನನ್ನನ್ನು ಮಾತಾಡಿಸಲು ಬಂದ. ಬಾಳೆಹಣ್ಣು ತಂದಿದ್ದ. ನನ್ನ ಬಲಗೈ ಹಿಡಿದು, "ಎಷ್ಟು ಛಲೋ ಕೈ ಕಾಕಾ ಇದು, ಯಾರ ದೃಷ್ಟಿ ಆತೋ" ಅಂದ. ಅಭಿ ಪುಗ್ಗಾ ಹಿಡಿದು ಓಡಿ ಬಂದು ಅವನ ಕಾಲು ತಬ್ಬಿ, ಎತ್ತಿಕೋ ಎಂದು ಕೈ ಚಾಚಿದ. ಹನುಮೇಶ ಕೈ ಬಗಲಲ್ಲಿ ಇಟ್ಟುಕೊಂಡ. "ಬ್ಯಾಡಪ್ಪಾ, ನಿಮ್ಮವ್ವನ ಕಡೆ ಹೋಗು" ಅಂದ.

"ಯಾಕೋ, ಎತ್ಕೋ" ಎಂದೆ.

"ಇಲ್ಲ ಕಾಕಾ. ಅವತ್ತಿನಿಂದ ನನ್ನ ತೊಡಿ ಮ್ಯಾಲ ನನಗ ಭರೋಸಾ ಇಲ್ಲ. ಅಳ್ಳಾಡಿದ್ದು ನನಗ ಗೊತ್ತ ಆಗಿಲ್ಲ ನೋಡು. ಗೊತ್ತಾಗದ ಅಳ್ಳಾಡತೈತಿ ಅಂದ್ರ ಎತ್ತರದ ಮ್ಯಾಲ ನಿಂತು ಗ್ವಾಡಿ ಹೆಂಗ ಕಟ್ಟಲಿ? ಈಗ ಕೆಳಗಿನ ಕೆಲಸ ಅಷ್ಟ ಹಿಡೀತೀನಿ."

ನನ್ನ ಕೈ ನನಗೆ ಸುದ್ದಿ ಕೊಡಲಿಲ್ಲ, ಅದು ರೋಗ. ಆದರೆ ಇವನ ಗಟ್ಟಿ ತೊಡೆಯ ಬಗ್ಗೆ ಇವನಿಗೆ ಸುಳ್ಳು ಸುದ್ದಿ ಕೊಟ್ಟವನು ನಾನು. ಅದನ್ನು ಯಾವ ಸ್ಕ್ಯಾನಿಂಗೂ ತೋರಿಸುವುದಿಲ್ಲ. ಅವತ್ತೇ ಹೇಳಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು "ಚಾ ಕುಡಿದು ಹೋಗು" ಎಂಬುದಷ್ಟೇ.

ರೇಣುಕಾಗೆ ಹೆಣ್ಣುಮಗು ಹುಟ್ಟಿತು. ಅದಕ್ಕೂ ವರ್ಷ ತುಂಬುವ ಹೊತ್ತಿಗೆ ಅವಳು ಜಾವಳಕ್ಕೆ ಮಂಜನನ್ನು ಕರೆಯಲು ಬಂದಳು. ಯಾರ ತೊಡೆ ಎಂದು ಮಂಜ ಕೇಳಿದ. "ನಮ್ಮ ಕಾಕಾನ ಮಗನ್ನ ಕೂಡಸ್ತಾರಂತ. ಅಣ್ಣ ಬ್ಯಾಡ ಅಂದಾರ ನಮ್ಮತ್ತಿ. ಅಣ್ಣನೂ ಬ್ಯಾಡ ಅಂದ" ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇರೂದೊಬ್ಬ ಅಣ್ಣ ಕಾಕಾ. ನನ್ನ ಮಕ್ಕಳಿಗೆ ಅವನ ತೊಡಿ ಇಲ್ಲದಂಗ ಆತು."

ಅವಳು ಹೋದ ಮೇಲೆ ಗೌರವ್ವನಿಗೆ ಎಲ್ಲ ಹೇಳಿದೆ. ಕತ್ತಿ ಎರಡು ಸಲ ಬಿದ್ದದ್ದನ್ನೂ. ಅವಳು ಊದುತ್ತಿದ್ದ ಪುಗ್ಗಾ ಬಾಯಿಂದ ತೆಗೆದಳು, ಅದು ಪುರ್ರೆಂದು ಮನೆಯೆಲ್ಲ ಸುತ್ತಿ ಬಿತ್ತು.

"ಹೋಗಿ ಶಾಂತವ್ವನ ಕಿವ್ಯಾಗ ಹೇಳಿಬರಲೇನು?" ಎಂದೆ.

"ಸುಳ್ಳು ಕಿವ್ಯಾಗ ಹೇಳಿದ್ರೇನು? ಹತ್ತು ಮಂದ್ಯಾಗ ಹೇಳಿದ್ರಿ. ಹತ್ತು ಮಂದ್ಯಾಗ ಹಿಂದಕ್ಕ ತಕ್ಕೋರಿ."

"ಮಂಜನ ಅಂಗಡಿಗೆ ಯಾರೂ ಬರದಂಗ ಆದ್ರ?"

"ನಾನು ಪುಗ್ಗಾ ಮಾರತೀನಿ. ಊದಿ ಊದಿ ರೂಢಿ ಆಗೈತಿ."

ಜಾವಳದ ದಿನ ಅಂಗಳದಲ್ಲಿ ಅದೇ ಜನ. ಕಾಕನ ಮಗ ಮಣೆಯ ಮೇಲೆ ಕೂರುವುದರಲ್ಲಿದ್ದ. ಹನುಮೇಶ ದೂರದಲ್ಲಿ ಅಡುಗೆಯ ಒಲೆಯ ಹತ್ತಿರ ಕಟ್ಟಿಗೆ ಒಡೆಯುತ್ತಿದ್ದ. ನಾನು ಎದ್ದು ಮಧ್ಯಕ್ಕೆ ಹೋದೆ.

"ಶಾಂತವ್ವಾ, ಹೋದ ಸಲ ಅಳ್ಳಾಡಿದ್ದು ಮಾವನ ತೊಡಿ ಅಲ್ಲ, ನನ್ನ ಕೈ. ಅವತ್ತು ಮುಂಜಾನಿನ ನನಗ ಲಕ್ವ ಹೊಡದಿತ್ತು. ಗೊತ್ತಿದ್ದೂ ಬಂದೆ. ಕೂಸಿಗೆ ಗಾಯ ಮಾಡಿ ಅವನ ಮ್ಯಾಲ ಹಾಕಿದೆ."

ಯಾರೋ, "ಈಗ ಕೈ ನೆಟ್ಟಗ ಐತಲ್ಲೋ" ಅಂದರು. ನಾನು ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದೆ. ನನ್ನ ಪ್ರಕಾರ ಎರಡೂ ನೆಟ್ಟಗಿದ್ದವು. "ಬೆರಳು ಹಾರ್ಮೋನಿಯಂ ಬಾರಸಾಕ ಹತ್ಯಾವು!" ಎಂದು ಒಬ್ಬ ಕೂಗಿದ. ಬಲಗೈಯಿಂದ ನನ್ನ ಮೂಗು ಮುಟ್ಟಿಕೊಳ್ಳುತ್ತೇನೆ ನೋಡಿ ಎಂದೆ. ಕಣ್ಣು ತೆರೆದಾಗ ಬೆರಳು ಪೂಜೆಗೆ ಬಂದು ಪಕ್ಕದಲ್ಲಿ ನಿಂತಿದ್ದ ಅಯ್ನೋರ ಗಲ್ಲದ ಮೇಲಿತ್ತು. ಅಯ್ನೋರು, "ಇದು ನನ್ನದಪಾ" ಅಂದರು. ಅಂಗಳ ನಕ್ಕಿತು.

ಶಾಂತವ್ವ ನಗಲಿಲ್ಲ. ಹತ್ತಿರ ಬಂದಳು. "ಎರಡು ವರ್ಷ ಆ ಮಗನ್ನ ನನ್ನ ಬಾಯಿಲೆ ಬೈಸಿದಿ ನಿಂಗಪ್ಪ. ಆ ಪಾಪ ನನಗೂ ಹತ್ತಿತು." ನಾನು ತಲೆ ಬಗ್ಗಿಸಿ ಕೈ ಮುಗಿದೆ, ಎರಡೂ ಅಂಗೈ ಕೂಡಿದವೋ ಇಲ್ಲವೋ ನೋಡಿಕೊಂಡೇ ಮುಗಿದೆ. ಅವಳು ಒಲೆಯ ಕಡೆ ತಿರುಗಿ ಗಟ್ಟಿಯಾಗಿ ಕರೆದಳು: "ಏ ಹನುಮೇಶಾ! ಕೊಡ್ಲಿ ಇಟ್ಟು ಬಾರಪಾ. ಮಣಿ ಖಾಲಿ ಐತಿ."

ಹನುಮೇಶ ಬಂದು ನನ್ನ ಮುಂದೆ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಸಿಕೊಳ್ಳಲು ಸಿದ್ಧನೂ ಇದ್ದೆ.

"ಖರೇನ ಅಳ್ಳಾಡಿದ್ದಿಲ್ಲೇನು ಕಾಕಾ?" ಎಂದು ಕೇಳಿದ.

"ಒಂದು ಕೂದಲೆಳಿ ಸೈತ ಇಲ್ಲೋ. ಗುಡ್ಡದಂಗ ಕುಂತಿದ್ದಿ."

ಅವನು ಹೋಗಿ ಮಣೆಯ ಮೇಲೆ ಕೂತ. ರೇಣುಕಾ ಮಗಳನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅವನು ಮೊದಲ ಎಳೆ ಕತ್ತರಿಸಿದ, ಮಂಜ ನೊರೆ ಹಚ್ಚಿ ಕತ್ತಿ ಹಿಡಿದ. ಕತ್ತಿ ಕಿವಿಯ ಹಿಂದೆ ಹೋಯಿತು. ಆಗಲೇ ಹನುಮೇಶನ ಮುಖ ಒಂದು ನಮೂನೆ ಆಯಿತು. ಕುತ್ತಿಗೆಯ ನರ ಉಬ್ಬಿತು. ತೊಡೆ ಮಾತ್ರ ಕದಲಲಿಲ್ಲ.

"ಏನಾತೋ?" ಎಂದಳು ಶಾಂತವ್ವ.

"ಉಚ್ಚಿ ಹೊಯ್ದಾಳರಿ ಅತ್ತಿ" ಅಂದ ಹನುಮೇಶ ಹಲ್ಲು ಕಚ್ಚಿ. "ಬಿಸಿ ಐತಿ. ಆದ್ರ ನಾ ಅಳ್ಳಾಡಂಗಿಲ್ಲ!"

ಒಂದು ಹನಿ ರಕ್ತ ಬರದೆ ಜಾವಳ ಮುಗಿಯಿತು.

ಈಗಲೂ ನಾನು ಯಾರಿಗೂ ದಾಡಿ ಮಾಡುವುದಿಲ್ಲ. ಇನ್ನು ಮುಂದೆ ಮಾಡುವುದೂ ಇಲ್ಲ ಎಂದು ಮಂಜನಿಗೆ ಮಾತು ಕೊಟ್ಟಿದ್ದೇನೆ. ಪುಗ್ಗಾ ಹತ್ತರಲ್ಲಿ ಎಂಟು ಉಳಿಯುತ್ತವೆ. ಜೋಳದ ಡಬ್ಬಿಯಲ್ಲಿ ಕೀಲಿ ಸಿಗುತ್ತದೆ, ಹುಣಸೆ ಬೀಜ ಇನ್ನೂ ಸಿಗುವುದಿಲ್ಲ. ಅಂಗಡಿಗೆ ಗಿರಾಕಿಗಳು ಕಡಿಮೆಯಾಗಲಿಲ್ಲ. ಕುರ್ಚಿಯಲ್ಲಿ ಕೂತವರು ನನ್ನ ಕಡೆ ನೋಡಿ, "ಕಾಕಾ, ನಿನ್ನ ಮೂಗು ಎಲ್ಲೈತಿ?" ಎಂದು ಕೇಳುತ್ತಾರೆ, ಅಷ್ಟೇ.

ಆ ಜಾವಳದ ದಿನ ಊಟದ ಸಾಲಿನಲ್ಲಿ ಹನುಮೇಶ ಬೇರೆ ಧೋತರ ಉಟ್ಟು ಬಂದು ನನ್ನ ಪಕ್ಕದಲ್ಲೇ ಕೂತ. ನಾನು ಎಂದಿನಂತೆ ಕೈಯನ್ನೇ ನೋಡುತ್ತ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಎತ್ತಿದೆ. ಆಗ ಅವನು, "ನಾಳಿ ಯಲಬುರ್ಗಾದಾಗ ಎರಡನೇ ಅಂತಸ್ತಿನ ಕೆಲಸ ಐತಿ ಕಾಕಾ. ಮ್ಯಾಲ ಹತ್ತತೀನಿ" ಅಂದ. ನಾನು ಕೈ ನೋಡುವುದನ್ನು ಬಿಟ್ಟು ಅವನ ಮುಖ ನೋಡಿದೆ. ಅಷ್ಟರಲ್ಲಿ ನನ್ನ ತುತ್ತು ದಾರಿ ತಪ್ಪಿ ಅವನ ಎಲೆಯ ಮೇಲೆ ಬಿತ್ತು.

ಅವನು ಅದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡ.